ಲಿಂಗ ಜಾರದ ಕೈ

…ಬ್ಯಾನಿ ಅನಬ್ಯಾಡ್ರಿ, ಡಾಕ್ಟರಬಾಯಾರ. ಬ್ಯಾರೆ ಏನರೆ ಅನ್ರಿ, ಆ ಶಬ್ದ ಮಾತ್ರ ಬ್ಯಾಡ. ನಮ್ಮ ತವರಿನ ಕೈಗಿ ಇವತ್ತಿನ ತನಕ ಯಾರೂ ಬ್ಯಾನಿ ಅಂದಿಲ್ಲ. ಸಾಸ್ತೂರದಾಗ ಯಾರ ಬಾಗಲಿಗರೆ ಹೋಗಿ ಕೇಳ್ರಿ… ಹಾಂ, ನೀವು ಹೋಗೇ ಬಂದೀರಿ, ಮರತೆ. ನಮ್ಮಣ್ಣ ಮಹಾದೇವಯ್ಯನ ಕೈ ನೋಡಿದ ಮ್ಯಾಲೇ ನಮ್ಮ ಈ ನಿಲಂಗಾದ ಹಾದಿ ಹಿಡದೀರಿ. ಅಂವಾ ನಿಮ್ಮ ಮುಂದ ಕೈ ಚಾಚಿ, ಹಿಡೀರಿ ನೋಡ್ರಿ ಅಂದಿರಬೇಕು. ನಗ್ಲಾಕತ್ತೀರಿ, ಅಂದ್ರ ಅಂದಾನ. ಅವನ ಸ್ವಭಾವನೇ ಹಂಗ. ಊರಿಗಿ ಹೊಸಾ ತಹಶೀಲದಾರ ಬರ್ಲಿ, ಗಿರದಾವರ ಬರ್ಲಿ, ಮೊದಲು ಕೈ ತೋರಸ್ತಾನ, ಆಮ್ಯಾಲ ಹೆಸರು ಹೇಳ್ತಾನ.

ನೀವು ಮಾತ್ರ ಆ ಕೈ ಮ್ಯಾಲ ಸಣ್ಣ ಸುತ್ತಿಗಿಲಿಂದ ಬಡದ್ರಂತ. ರಬ್ಬರಿಂದಾ? ಹಂಗಾದ್ರ ಅಡ್ಡಿಯಿಲ್ಲ. ಊರಾಗಿನ ಮಂದಿ ಕಬ್ಬಿಣದ್ದೇ ಅಂತ ಹೇಳ್ಕೋತ ಹೊಂಟಾರ.

ಕುಂಡ್ರಿ, ಈ ಕಂಬಳಿ ಮ್ಯಾಲ ಕುಂಡ್ರಿ. ಮೋಟಾರ ಸ್ಟ್ಯಾಂಡಿನಾಗ ನೀವು ಶರಣಬಸಮ್ಮನ ಮನಿ ಯಾವುದು ಅಂತ ಕೇಳಿದ್ರಂತ, ಯಾರಿಗೂ ತಿಳೀಲಿಲ್ಲಂತ. ಹೆಂಗ ತಿಳೀಬೇಕು? ಅದು ನಮ್ಮಪ್ಪ ಇಟ್ಟ ಹೆಸರು. ಲಗ್ನದ ದಿನ ಅದನ್ನ ಹಂದರದಾಗೇ ಬಿಟ್ಟು ಎದ್ದೀನಿ. ಇಲ್ಲಿ ನಾ ಗಿರಿಜಾಬಾಯಿ.

ಚಹಾ ತಗೋರಿ, ಆರ್ತದ. ಕೈಯಾಗ ಕೊಡದೇ ನೆಲಕ್ಕಿಟ್ಟೆ ಅಂತ ತಪ್ಪು ತಿಳಕೋಬ್ಯಾಡ್ರಿ. ನನ್ನ ಲಿಂಗಪೂಜಿ ಇನ್ನಾ ಆಗಿಲ್ಲ, ಅಲ್ಲೀತನಕ ಹೊರಗಿನವರನ್ನ ಮುಟ್ಟೂದಿಲ್ಲ. ಈ ಅಗ್ಗಿಷ್ಟಿಗಿ ನಿಮಗ ಅಡ್ಡ ಆಗ್ತದೇನು? ಸಂಕ್ರಾಂತಿ ಮುಗದ್ರೂ ಥಂಡಿ ಹೋಗವಲ್ದು, ಅದಕ್ಕ ಬಾಜೂಕ ಇಟಗೊಂಡು ಕೈ ಕಾಸ್ಕೋತ ಕುಂತೀನಿ. ಏನಿಲ್ಲ, ವಯಸ್ಸು. ನಿಮಗೂ ಈ ವಯಸ್ಸು ಬರ್ಲಿ, ಆಗ ಕೆಂಡದ ರುಚಿ ತಿಳೀತದ.

ಜರಾ ಮೆಲ್ಲಕ ಮಾತಾಡೂಣು. ಒಳಗ ನನ್ನ ಮಗಳು ಗುರಮ್ಮ ಮಲಗ್ಯಾಳ. ಮಲಗ್ಯಾಳ ಅಂತೀನಿ ಖರೇ, ಗ್ವಾಡಿ ಕಡಿ ಮಾರಿ ಮಾಡಿ ಕಣ್ಣು ತಕ್ಕೊಂಡೇ ಇರ್ತಾಳ. ಕೂಸಿನ್ನ ನೀವು ಎತ್ತಿ ನೋಡಿದ್ರಿ. ತೋಳಿನ ಮ್ಯಾಲ ಒದ್ದಿ ಅರಬಿ ಹಾಕಿದಂಗ ಎರಡೂ ಕಡಿ ಜೋತುಬಿತ್ತು. ಬಾಯಿ ಸದಾ ತೆರದೇ ಇರ್ತದ, ಆದ್ರ ಮೊಲಿ ಹಿಡೀಲಾಕ ಬರೂದಿಲ್ಲ. ಅಳೂದೂ ಇಲ್ಲ. ಹತ್ತಿ ಹಾಲಾಗ ಅದ್ದಿ ಹನಿ ಹನಿ ಬಿಡ್ತೀನಿ, ಒಂದೊಂದು ಹನಿಗೂ ಶಿವನ ಹೆಸರು ತಗೋತೀನಿ. ಅದು ಗುಟಕಿಸಿದ್ರ ನನಗ ದೊಡ್ಡ ಹಬ್ಬ. ನೀವು ಅದನ್ನ ನೋಡಿ ಸುಮ್ಮನಾದ್ರಿ. ನಿಮ್ಮ ತವರು ಧಾರವಾಡದ ಕಡಿ ಮಂದಿ ಎಲ್ಲಾ ಹಿಂಗೇ ಏನು?

ಬಾಗಲ ಕಡಿ ಯಾಕ ನೋಡ್ತೀನಂದ್ರ, ಉದಗೀರ ಮೋಟಾರಿನ ಹೊತ್ತಾತು. ಅದರಾಗ ನಮ್ಮ ಬೀಗತಿ ಬರ್ತಾಳ, ಉಮಾಬಾಯಿ, ಗುರಮ್ಮನ ಅತ್ತಿ. ಹೈದರಾಬಾದ ದವಾಖಾನಿಲಿಂದ ಡಾಕ್ಟರಬಾಯಿ ಬಂದಾಳ, ಖಂಡದ ಶಕ್ತಿ ಹೋಗೂ ಬ್ಯಾನಿ ಮನಿತನದಾಗ ಹೆಂಗ ಇಳೀತದ ಅಂತ ಊರೂರು ಹುಡುಕ್ಲಾಕತ್ತಾಳ ಅನ್ನೂ ಸುದ್ದಿ ಆಕಿತನಕಾನೂ ಹೋಗೇದ. ಕೂಸಿನ ಅಶಕ್ತಿ ದೈವದ್ದಿದ್ರ ನಾವು ಹೊರತೀವಿ, ತವರಲಿಂದ ಬಂದದ್ದಿದ್ರ ತಾಯಿ-ಮಗ ಇಬ್ಬರನ್ನೂ ತವರೇ ಇಟಗೋಲಿ ಅಂತ ಹೇಳಿ ಕಳಿಸ್ಯಾಳ. ಮಗನಿಗಿ ಎರಡನೇ ಲಗ್ನ ಈಗಿನ ಕಾಯದೇದಾಗ ಬರೂದಿಲ್ಲ ಅಂತ ನಮ್ಮವರು ಅಂದ್ರ, ಕಾಯದೆ ಉದಗೀರ ಗಡಿ ಇನ್ನಾ ದಾಟಿಲ್ಲ ಅಂದಳಂತ. ಮಾತು ಬಲ್ಲಾಕಿ.

ಅದಕ್ಕೇ ಹೇಳ್ಲಾಕತ್ತೀನಿ. ನೀವು ಇವತ್ತು ಏನಂತೀರಿ ಅದರ ಮ್ಯಾಲ ನನ್ನ ಮಗಳು ಮನಿ ಸೇರೂದದ.

ನೀವು ನಮ್ಮಪ್ಪನ್ನ ನೋಡಿಲ್ಲ. ಗುರುಬಸಯ್ಯ ಅಂದ್ರ ಸಾಸ್ತೂರ ಸುತ್ತಮುತ್ತ ಎಲ್ಲಾ ಮನಿಗಳಿಗೂ ಅಯ್ಯ. ಕಣ್ಣು ಯಾವಾಗಲೂ ಅರ್ಧ ಮುಚ್ಚಿರ್ತಿದ್ದವು, ಮಂದಿ ಅಂತಿದ್ರು, ಅಯ್ಯನವರು ನಡಕೋತ ಧ್ಯಾನ ಮಾಡ್ತಾರ. ಪೊಲೀಸ್ ಆಕ್ಷನ್ ಆದ ವರ್ಷ, ರಜಾಕಾರರ ಭಯಕ್ಕ ಮಂದಿ ಊರು ಬಿಟ್ಟು ತೇರಣಾ ಹೊಳಿ ದಾಟ್ಲಾಕತ್ತಿದ್ರು. ಅಪ್ಪ ದಂಡಿ ಮ್ಯಾಲ ಪೂಜಿಗಿ ಕುಂತಿದ್ದ. ಅಂಗೈಯಾಗ ಲಿಂಗ. ಎದ್ದು ನಿಂದ್ರೂದಕ್ಕ ಕಾಲು ಜಾರಿ ಹೊಳ್ಯಾಗ ಬಿದ್ದ, ತುಂಬಿದ ಹೊಳಿ. ಕೆಳಗ ಹಿಡದು ಎತ್ತಿದಾಗ ಎಚ್ಚರಿಲ್ಲ, ಪಂಚೆ ಇಲ್ಲ, ರುಮಾಲಿಲ್ಲ. ಮುಷ್ಟ್ಯಾಗ ಲಿಂಗ ಇತ್ತು. ಇಬ್ಬರು ಕೂಡಿ ಬೆರಳು ಬಿಚ್ಚಿಸಬೇಕಾತು. ಲಿಂಗ ಹೋದ್ರ ಪ್ರಾಣ ಇಟಗೋಬಾರದು ಅನ್ನೂ ಕುಲ ನಮ್ದು. ಅವತ್ತಿನಿಂದ ಆ ಮನಿಯವರ ಕೈಯಾಗಿಂದ ಲಿಂಗ ಜಾರೂದಿಲ್ಲ ಅಂತ ಊರೇ ಅಡ್ಡಬಿತ್ತು. ಈಗ ಹೇಳ್ರಿ, ಅದಕ್ಕ ಏನಂತೀರಿ ನೀವು? ಬ್ಯಾನಿ ಅಂತೀರಾ?

ಅಂದ್ರಿ ಅಂದ್ರ ಅದೂ ಸುಳ್ಳಲ್ಲ ಇರಬೇಕು, ನಿಮ್ಮ ಮಾರಿ ಮ್ಯಾಲ ಸುಳ್ಳಿನ ಕಳಿ ಇಲ್ಲ. ಶಿವ ಒಂದೇ ಕೈಯಾಗ ಎರಡೂ ಇಡಬಲ್ಲ.

ನಮ್ಮಣ್ಣನದೂ ಅದೇ ಕಣ್ಣು, ಅದೇ ಕೈ. ಮಧ್ಯಾಹ್ನ ಪ್ರಸಾದ ಆದ ಮ್ಯಾಲ ಕಟ್ಟಿ ಮ್ಯಾಲ ಕುಂತವ ಹಂಗೇ ಸಮಾಧಿಗಿ ಹೋಗ್ತಾನ. ಭಕ್ತರು ಉಸಿರು ಬಿಗಿಹಿಡದು ನಿಂದರ್ತಾರ. ನಮ್ಮ ಅತ್ತಿಗಿ ಒಬ್ಬಾಕೀನೇ ಒಳಗಿಂದ ಅಂತಾಳ, ಸಮಾಧಿ ಇದ್ರ ಗೊರಕಿ ಯಾಕ ಹೊಡೀತಾನ ಕೇಳ್ರಿ ಅಂತ. ನಿದ್ದಿ ಬರೂದೂ ಇದರಾಗಿಂದೇ? ಹೌದಾ? ಹಗಲು ನಿದ್ದಿ, ಕಣ್ಣಿನ ಪೊರಿ, ಎಲ್ಲಾನೂ ಇದರಾಗಿಂದೇ? ಶಿವಾ. ಇದನ್ನ ಅಣ್ಣಗ ಹೇಳಬ್ಯಾಡ್ರಿ. ಅವನ ಹತ್ತರ ಅದೊಂದೇ ಆಸ್ತಿ ಅದ.

ಉಮಾಬಾಯಿ ನಮ್ಮ ಗುರಮ್ಮನ್ನ ತಗೊಂಡದ್ದೂ ಇದಕ್ಕೇ. ಆಕಿ ಮನಿಯವರೂ ಜಂಗಮರು, ಉದಗೀರದಾಗ ಭಾಳ ಮನಿಗಳ ಪೂಜಿ ಅದ. ನಮ್ಮ ಅಂಗಳಕ್ಕ ಬಂದು, ನಿಮ್ಮ ತವರಿನ ಕೈ ನಮ್ಮ ಮನಿಗಿ ಬರ್ಲಿ, ನನ್ನ ಮೊಮ್ಮಗನ ಕೈಯಾಗ ಲಿಂಗ ಹಂಗ ನಿಂದರ್ಲಿ ಅಂತ ಸೆರಗೊಡ್ಡಿ ಕೇಳಿದಳು. ನಾ ಎರಡು ಸಲ ಒಲ್ಲೆ ಅಂದೆ. ಯಾಕಂದ್ರ… ಯಾಕಿಲ್ಲ, ಹುಡುಗಿ ಸಣ್ಣಾಕಿ ಅಂತ. ಮೂರನೇ ಸಲ ನಮ್ಮ ಮನಿಯವರು ಹೂಂ ಅಂದ್ರು. ಈಗ ಬೀದರ ಮೈಸೂರಿಗಿ ಹೋಯ್ತು, ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕ ಬಂದವು, ಉದಗೀರ ಇನ್ನ ನಮ್ಮ ಕಡೀದೇ ಅಂತ ಎಲ್ಲಾರೂ ಈ ಬೀಗತನಕ್ಕ ಖುಷಿ ಪಟ್ರು. ಸರಕಾರ ಎಲ್ಲೆರೆ ಗೆರಿ ಎಳೀಲಿ, ನೀವು ಹುಡುಕೂದು ಆ ಗೆರಿ ಕೇಳಿ ಇಳೀತದೇನು?

ಗುರಮ್ಮಗ ಎಂಟರಾಗ ಬಿದ್ದಿತ್ತು. ನಮ್ಮಲ್ಲಿ ಎಂಟನೇ ತಿಂಗಳದಾಗ ಹೊಟ್ಯಾಗಿನ ಕೂಸಿಗಿ ಲಿಂಗ ಕಟ್ಟೂ ಪದ್ಧತಿ. ಕೂಸು ಹುಟ್ಟೂ ತನಕ ಅದನ್ನ ತಾಯಿ ಇಟಗೋಬೇಕು. ಗುರುಗಳು ಬಂದ್ರು, ಉದಗೀರ ಮನಿ ತುಂಬ ಮಂದಿ. ಗುರುಗಳು ಮಂತ್ರ ಹೇಳಿ ಗುರಮ್ಮನ ಅಂಗೈಯಾಗ ಲಿಂಗ ಇಟ್ರು. ಲಿಂಗ ಜಾರದ ಮನಿಯ ಮಗಳು. ಎಲ್ಲಾರ ಕಣ್ಣೂ ಆ ಕೈ ಮ್ಯಾಲೇ. ಏನಾತೋ, ಬೆರಳಿಗಿ ಶಕ್ತಿ ಬರ್ಲಿಲ್ಲ. ಲಿಂಗ ನೆಲಕ್ಕ ಬಿತ್ತು.

ಕೂಸು ಹುಟ್ಟಿದ ಮ್ಯಾಲ ಮಂದಿ ಬಾಯಿ ಬಿಟ್ರು. ಉಮಾಬಾಯಿ ಬಾಣಂತಿ ಮುಂದೇ ನಿಂತು ಅಂದಳು, “ನೀ ಕೈ ಸಡಲ ಬಿಟ್ಟಿ, ಶಿವ ನಿನ್ನ ಕೂಸಿನ ಮೈ ಸಡಲ ಬಿಟ್ಟ.”

ಆ ಮಾತು ಗುರಮ್ಮನ ಎದಿಯಾಗ ಕುಂತದ, ಬಾಯಾರ. ಊಟ ಮುಟ್ಟವಲ್ಲಳು. ಕೂಸಿನ್ನ ಎತ್ತಿಕೋ ಅಂದ್ರ ಅಂಜತಾಳ, ನನ್ನ ಪಾಪದ ಕೈ ಅದಕ್ಕ ಹತ್ತಬಾರದು ಅಂತಾಳ. ಶಿವ ಹಂಗೆಲ್ಲಾ ಸಿಟ್ಟಿಗೇಳಾಂವ ಅಲ್ಲ, ಲಿಂಗ ಎತ್ತಿ ಕಣ್ಣಿಗಿ ಒತ್ತಿಕೊಂಡ್ರ ತಣ್ಣಗಾಗ್ತಾನ ಅಂತ ಎಷ್ಟು ಹೇಳಿದ್ರೂ ಆಕಿಗಿ ಮುಟ್ಟೂದಿಲ್ಲ. ತಾಯಿ ಸಮಾಧಾನಕ್ಕ ಹೇಳ್ತಾಳ ಅಂತ ತಿಳಕೋತಾಳ.

ನೀವೇನು ಆ ಮೊರ ಜಗ್ಗಿದ್ರಿ ಮತ್ತ? ಅದರಾಗಿನ ಕಾಳು ಹೋಗ್ಲಿ ಬಿಡ್ರಿ. ನೀವು ಆಗಲೇ ಕಾಳಿನಾಗ ನಮ್ಮ ಮನಿತನ ಹೂಡಿ ತೋರಿಸಿದ್ರಿ, ನನಗ ತಿಳದದ. ಜ್ವಾಳದ ಕಾಳಂದ್ರ ಕೈಯಾಗ ಏನೂ ಇಲ್ಲದವರು. ಕರೀ ಉದ್ದು ಅಂದ್ರ ಇದ್ದವರು. ಎಲ್ಲಾಕಿಂತ ಮ್ಯಾಲ ನಮ್ಮಪ್ಪ, ಉದ್ದು. ಅವನ ಕೆಳಗ ಅಣ್ಣ, ಉದ್ದು. ಅಣ್ಣನ ಬಾಜೂಕ ನಾ, ಜ್ವಾಳ. ನನ್ನ ಕೆಳಗ ಗುರಮ್ಮಗ ಉದ್ದು ಇಟ್ರಿ, ಆಕಿ ಹೆಬ್ಬೆರಳ ಬುಡಕ ನಿಮ್ಮ ಸುತ್ತಿಗಿ ಬಡದು. ಬೆರಳು ಒಳಗ ಹೋಗಿ ಅಲ್ಲೇ ನಿಂತಿದ್ದು ನಾನೂ ನೋಡೀನಿ. ಆಕಿ ಕೆಳಗ ಕೂಸು, ಉದ್ದು. ತಲಿಮಾರಿನಿಂದ ತಲಿಮಾರಿಗಿ ಇದು ಹೆಚ್ಚಾಗ್ತದ ಅಂದ್ರಿ. ನಡುವ ಒಂದು ತಲಿ ಬಿಟ್ಟು ಜಿಗೀಯೂದಿಲ್ಲ ಅಂದ್ರಿ. ಅಪ್ಪನಲ್ಲಿ ಅದ, ಮಗಳಲ್ಲಿ ಅದ, ನಡುವ ನಿಮ್ಮ ಜ್ವಾಳದ ಕಾಳು ಬೆಳ್ಳಗ ಹೆಂಗ ಉಳೀತು ಅಂತ ಕೇಳಿದ್ರಿ.

ನಾ ಏನು ಹೇಳ್ಲಿ? ಇರಬಹುದು, ನಮ್ಮ ಮನಿಯವರ ಕಡಿಲಿಂದ ಬಂದಿರಬಹುದು. ಅವರು ಔರಾದಕ್ಕ ಪೂಜಿಗಿ ಹೋಗ್ಯಾರ, ಸಂಜಿಗಿ ಬರ್ತಾರ, ಅವರ ಕೈ ನೋಡ್ರಿ. ನೋಡೀರಿ? ಯಾವಾಗ? ಹಾದಿಯಾಗ ಭೆಟ್ಟಿ ಆದ್ರಾ? ಏನೂ ಇಲ್ಲಾ.

ಹಂಗಾದ್ರ ಇದು ಜಿಗದದ. ಶಿವನ ವರಕ್ಕ ಜಿಗೀಬ್ಯಾಡ ಅನ್ನಾಕ ನಾವ್ಯಾರು?

ನಗಬ್ಯಾಡ್ರಿ. ನಗ್ಲಿಲ್ಲಾ? ನಗ್ಲಿಲ್ಲ ಬಿಡ್ರಿ. ಹಂಗ ನೋಡಬ್ಯಾಡ್ರಿ ಹಂಗಾದ್ರ.

ನಿಮಗ ಹೆಂಗಸರಲ್ಲಿ ಇಂಥಾ ಕೈ ಬೇಕಲ್ಲ, ಒಬ್ಬಾಕಿ ಇದ್ದಳು. ನಮ್ಮ ಓಣ್ಯಾಗಲ್ಲ, ಅತ್ತಕಡಿ. ಲಗ್ನಾಗಿ ಹೊಸದಾಗಿ ಬಂದಾಕಿ. ಬಾಗಲಿಗಿ ಭಿಕ್ಷಾಕ್ಕ ಒಬ್ಬ ಮುದುಕ ಜಂಗಮ ಬಂದಿದ್ದ. ಅತ್ತಿ ಹಿಟ್ಟು ನೀಡು ಅಂದಳು. ಚಳಿಗಾಲದ ಹೊತ್ತು. ಆಕಿ ಮುಷ್ಟಿ ತುಂಬ ಹಿಟ್ಟು ಹಿಡದು ಜೋಳಿಗಿ ಮ್ಯಾಲ ಕೈ ಚಾಚಿದಳು. ಮುಷ್ಟಿ ಬಿಚ್ಚಲಿಲ್ಲ. ಮುದುಕ ಜೋಳಿಗಿ ಹಿಡದು ನಿಂತೇ ಇದ್ದಾನ, ಈಕಿ ಕೈ ಚಾಚಿ ನಿಂತೇ ಇದ್ದಾಳ. ಬಾಜೂಮನಿ ರಂಭಾಬಾಯಿ ಕಟ್ಟಿ ಮ್ಯಾಲಿಂದ ಅಂದಳು, “ಹಿಟ್ಟಿಗಿ ಮನಸಾಗವಲ್ದು ನಿಮ್ಮ ಸೊಸಿಗಿ.” ಅತ್ತಿ ಬಂದು ಬೆರಳು ಒಂದೊಂದೇ ಜಗ್ಗಿ ಬಿಚ್ಚಿಸಿದಳು. ಕೊಡೂ ಕೈ ಅಲ್ಲ ಇದು, ಇದು ಬಂದ ಮನಿಗಿ ಬರಕತ್ ಇಲ್ಲ ಅಂದಳು. ಅಂವಾ ಮುದುಕ ಮಾತ್ರ ಭಸ್ಮ ಹಚ್ಚಿ, ಅವಸರ ಬ್ಯಾಡ ಮಗಳಾ ಅಂತ ಅಂದು ಹೋದ.

ಆಮ್ಯಾಲ ಆಕಿ ಕಲತಳು. ಎಲ್ಲಾರಕಿಂತ ಮೊದಲು ಎದ್ದು ಬಿಸಿನೀರಿನಾಗ ಕೈ ಇಟ್ಟು, ಮುಷ್ಟಿ ಮಾಡಿ ಬಿಚ್ಚಿ, ಮಾಡಿ ಬಿಚ್ಚಿ, ಸಡಲ ಆದ ಮ್ಯಾಲೇ ಹೊರಗ ಬರೂದು. ತಣ್ಣೀರು ಮುಟ್ಟಬಾರದು. ಯಾರ ಕೈಯಾಗೂ ಏನೂ ಕೊಡಬಾರದು, ಮುಂದಿಟ್ಟು ಸರೀಬೇಕು. ಹಿಂಗ ಬಾಳೇವು ಮಾಡಿದ್ರ ಯಾರಿಗಿ ತಿಳೀತದ?

ಆಕಿ ಹೆಸರಾ? ಮರತೀನಿ. ಎಲ್ಲಿದ್ದಾಳ ಅಂದ್ರ… ಈಗ ಇಲ್ಲ ಆಕಿ. ಹೆಂಗ ತಿಳೀತು ಅಂದ್ರ, ಮಂದಿ ಹೇಳ್ತಾರ. ಹೆಂಗಸರು ಹೆಂಗಸರಿಗಿ ಹೇಳ್ತಾರ.

ಕೇಳಿದ್ರಾ? ಮೋಟಾರಿನ ಭೋಂಗಾ. ಬಂತು. ಸ್ಟ್ಯಾಂಡಿನಿಂದ ನಮ್ಮ ಓಣಿ ದೂರಿಲ್ಲ. ಏಳ್ತೀರೇನು? ಕೈ ತೊಳಕೋತೀರಾ? ಕೂಸಿನ್ನ ಮುಟ್ಟೀರಿ, ಹೌದು. ಬರ್ರಿ, ಈ ತಂಬಿಗಿ ನೀರು ನಾ ಹಾಕ್ತೀನಿ. ಹಾ, ತಣ್ಣಗ ಕೊರೀತಾವ. ಬಿಸಿನೀರು ಎಲ್ಲಾ ಬಾಣಂತಿಗಿ ಹೋದವು. ತೊಳಕೋರಿ. ನನ್ನ ಕೈ ಮ್ಯಾಲೇ ಚೆಲ್ಲಿಕೊಂಡೆ ನೋಡ್ರಿ, ಜೀವ ಜಾಗಾದಾಗಿಲ್ಲ. ಈ ಕೆಂಡರೆ ಯಾವಾಗ ಬೂದಿ ಆತು?

ಏನಂದ್ರಿ? ಇನ್ನೊಮ್ಮೆ ಅನ್ರಿ.

ಲಿಂಗ ಬಿದ್ದದ್ದಕ್ಕ ಕೂಸು ಹಿಂಗಾಗಿಲ್ಲ, ಕೂಸು ಹಿಂಗಿದ್ದದ್ದೂ ಲಿಂಗ ಬಿದ್ದದ್ದೂ ಒಂದೇ ಕಾರಣಕ್ಕ. ಗುರಮ್ಮ ಏನೂ ಮಾಡಿಲ್ಲ. ಇದನ್ನ ಆಕಿಗಿ ಹೇಳ್ತೀನಿ ಅಂತೀರಿ. ಹೇಳ್ರಿ. ಆದ್ರ ಆಕಿ ಕೇಳ್ತಾಳ, ಮತ್ತ ನನಗ ಇದು ಎಲ್ಲಿಂದ ಬಂತು ಅಂತ. ಅದನ್ನ ನಾನೇ ಹೇಳಬೇಕು ಅನ್ನೂಹಂಗ ನನ್ನ ಕಡಿ ನೋಡ್ತೀರಿ.

ಬಾಯಾರ, ನಾ ಕಲತಾಕಿ ಅಲ್ಲ. ಕೈ ಜೋಡಸ್ತೀನಿ. ಉಮಾಬಾಯಿ ಮುಂದ ಒಂದೇ ಮಾತು ಅನ್ರಿ, ದಿನ ತುಂಬೋಕಿಂತ ಮೊದಲ ಹುಟ್ಟೇದ, ಅದಕ್ಕ ಅಶಕ್ತ ಅದ, ತವರಿಗಿ ಇದಕ್ಕ ಸಂಬಂಧಿಲ್ಲ. ಇಷ್ಟು ಅನ್ರಿ. ನನ್ನ ಮಗಳು ತನ್ನ ಮನಿಗಿ ಹೋಗ್ಲಿ. ಆಮ್ಯಾಲ ನಿಮ್ಮ ಖರೇ ನಿಮ್ಮ ಹತ್ತರ ಇರ್ಲಿ, ಹೈದರಾಬಾದಕ್ಕ ಒಯ್ರಿ, ನಾಕು ಮಂದಿಗಿ ಉಪಯೋಗ ಆಗ್ಲಿ. ಆಕಿ ದನಿ ಕೇಳ್ಲಾಕತ್ತದ, ಓಣಿ ತಿರುವಿನಾಗ ಯಾರನ್ನೋ ಮಾತಾಡಸ್ಲಾಕತ್ತಾಳ. ಕೈಯಾಗ ಕೈ ಇಟ್ಟು ಭಾಷಿ ಕೊಡ್ರಿ. ಬಾಯಿ ಮಾತಿಗಿ ನಮ್ಮಲ್ಲಿ ಭಾಷಿ ಅನೂದಿಲ್ಲ, ಕೈಗಿ ಕೈ ಹತ್ತಬೇಕು. ಕೊಡ್ರಿ ಇಲ್ಲಿ. ಪೂಜಿ ಆಗಿಲ್ಲ, ಇರ್ಲಿ, ಶಿವ ಕ್ಷಮಾ ಮಾಡ್ತಾನ. ಕೊಡ್ರಿ.

ಹಾಂ. ಶಿವ ನಿಮ್ಮ ಹೊಟ್ಟಿ ತಣ್ಣಗಿಡ್ಲಿ.

ಆತು. ಇನ್ನ ಬಿಡ್ರಿ.

ಬಿಡ್ರಿ ಬಾಯಾರ, ಆಕಿ ಬಂದಳು.

…

ನೀವು ಹಿಡದಿಲ್ಲ. ನಿಮ್ಮ ಬೆರಳು ಸಡಲೇ ಅವ.

ಯಾಕ ಜಗ್ಗವಲ್ರಿ? ಎಲ್ಲಾರೂ ಜಗ್ಗತಾರ. ನಮ್ಮತ್ತಿ ಜಗ್ಗಿದಳು, ಬೆರಳು ಬಾವು ಬರೂ ಹಂಗ. ನೀವು ಯಾಕ ಹಿಂಗ, ಗಿಣಿ ಬಂದು ಕೈ ಮ್ಯಾಲ ಕುಂತವರಂಗ, ಅಲುಗಾಡದೇ ನಿಂತೀರಿ? ಗೊತ್ತಿತ್ತು ನಿಮಗ. ಚಹಾ ನೆಲಕ್ಕಿಟ್ಟಾಗೇ ಗೊತ್ತಿತ್ತು. ಹಿಟ್ಟಿನ ಮುಷ್ಟಿಯಾಕಿ ಹೆಸರು ಕೇಳಿದಾಗ ನಿಮಗ ಹೆಸರು ಗೊತ್ತಿತ್ತು. ಕಾಯ್ಕೋತ ಕುಂತಿದ್ರಿ ನೀವು, ನಾ ಹೇಳ್ಲಿ ಅಂತ.

ನಮ್ಮ ಮನಿಯವರಿಗೂ ಗೊತ್ತದ. ಒಮ್ಮೆಯೂ ಅಂದಿಲ್ಲ. ಚಳಿಗಾಲದಾಗ ತಾವೇ ಮೊದಲು ಎದ್ದು ನೀರು ಕಾಸಿಡ್ತಾರ, ಪೂಜಿಗಿ ಬೇಕು ಅಂತಾರ.

ಅಪ್ಪನ ಕೈಯಾಗ ಲಿಂಗ ಇತ್ತು, ಮಂದಿ ಕಾಲಿಗಿ ಬಿದ್ರು. ನನ್ನ ಕೈಯಾಗ ಹಿಟ್ಟಿತ್ತು. ಕೈ ಒಂದೇ ಇತ್ತು ಯವ್ವಾ. ಇದನ್ನ ನಾ ಶಿವನ ಮುಂದ ದಿನಾ ಕೇಳೀನಿ. ಅಂವಾನೂ ನಿನ್ನಂಗೇ. ಮಾತಾಡೂದಿಲ್ಲ, ಜಗ್ಗೂದಿಲ್ಲ.

ಗುರಮ್ಮ? ನೀ ಯಾವಾಗ ಎದ್ದು ಬಾಗಲಿಗಿ ಬಂದಿ? ಬಾ. ಹತ್ತರ ಬಾ, ನೋಡು. ಗ್ವಾಡಿ ಹಿಡಕೊಂಡು ಬಾ, ಬೀಳ್ತಿ. ಲಿಂಗ ಬಿದ್ದದ್ದಕ್ಕ ಅಲ್ಲ ಮಗಳಾ. ನೀ ಏನೂ ಮಾಡಿಲ್ಲ. ಇದು ನಿನಗ ನಾ ಕೊಟ್ಟದ್ದು, ನನಗ ನಿಮ್ಮಜ್ಜ ಕೊಟ್ಟದ್ದು. ಕೂಸಿನ್ನ ಎತ್ತಿಕೋ ಹೋಗು. ಅದಕ್ಕ ನಿನ್ನ ಕೈ ಬೇಕಾಗೇದ, ಎಂಥದಿದ್ರೂ.

ಬ್ಯಾಡ ಡಾಕ್ಟರ ಯವ್ವಾ, ನಮ್ಮ ಕೈ ಮ್ಯಾಲ ಸೆರಗು ಮುಚ್ಚಬ್ಯಾಡ. ಇರ್ಲಿ ಹಂಗೇ.

ಬರ್ರಿ ಬೀಗತಿ, ಒಳಗ ಬರ್ರಿ. ನಿಮ್ಮ ಕಾಲಿಗಿ ನೀರು ಕೊಡ್ಲಾಕ ಬರವಲ್ದು, ತಪ್ಪು ತಿಳಕೋಬ್ಯಾಡ್ರಿ. ಕೈ ಇನ್ನಾ ಬಿಚ್ಚಿಲ್ಲ. ಹಿಂಗ ಮುಂದ ಬರ್ರಿ, ಬೆಳಕಿಗಿ. ನೀವು ಸೆರಗೊಡ್ಡಿ ಬೇಡಿದ ಕೈ ಇದೇ.